ಒಳಕೋಣೆಯಲ್ಲಿ ಬಾರದ ಹೆಸರು

ನಮ್ಮ ಊರಿನಲ್ಲಿ ಒಳಕೋಣೆಯಲ್ಲಿ ಇರುವವರು ಹಜಾರಕ್ಕೆ ಬಂದ ಯಾವುದರ ಹೆಸರನ್ನಾದರೂ ಹೇಳಬೇಕೆಂದರೆ, ಅದು ಬಂದಾಗ ಹೇಗಿತ್ತೋ ಹಾಗೆಯೇ ಇರಬೇಕು. ಒಂದು ಸಲ ಬದಲಾದರೂ ಮುಗಿಯಿತು. ತುಟಿ ಅಲ್ಲಾಡುತ್ತದೆ, ಗಂಟಲಿನ ನರ ಉಬ್ಬುತ್ತದೆ, ಹೆಸರು ಮಾತ್ರ ಹೊರಡುವುದಿಲ್ಲ. ಹಜಾರದಲ್ಲಿ ನೇತುಹಾಕಿದ ಬಾಳೆಗೊನೆ ಹಸಿರಾಗಿರುವವರೆಗೆ ಒಳಗಿನವರು ಅದರ ಮಾತಾಡಬಹುದು, ಹಣ್ಣಾಗತೊಡಗಿದ ಕೂಡಲೇ ಬಾಯಿ ಕಟ್ಟುತ್ತದೆ. ಗಂಟೆ ಎಷ್ಟಾಯಿತೆಂದು ತಿಳಿಯಬೇಕಾದವರು ಎದ್ದು ಬಂದು ಗಡಿಯಾರ ನೋಡಿಕೊಂಡು ಹೋಗುತ್ತಾರೆ. ಕಂಬದ ಬಗ್ಗೆ, ಬೀಸುವ ಕಲ್ಲಿನ ಬಗ್ಗೆ, ಗೋಡೆಯ ಮೇಲಿನ ಮುತ್ತಜ್ಜನ ಫೋಟೋ ಬಗ್ಗೆ ಒಳಕೋಣೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಆದರೆ ಕಂಬದ ಬಗ್ಗೆ ಯಾರಾದರೂ ಎಷ್ಟು ಮಾತಾಡಿಯಾರು?

ಮನೆಯವರಿಗೆ ಈ ತೊಂದರೆ ಇಲ್ಲ. ಮನೆಯವರು ದಪ್ಪಗಾಗಲಿ, ಸಣ್ಣಗಾಗಲಿ, ಕುಡಿತ ಬಿಟ್ಟು ಮತ್ತೆ ಹಿಡಿಯಲಿ, ಅವರನ್ನು ಒಳಕೋಣೆಯಿಂದ ಹೆಸರು ಹಿಡಿದು ಕರೆಯಬಹುದು, ಮನಸ್ಸು ತೃಪ್ತಿಯಾಗುವಷ್ಟು ಬೈಯಬಹುದು. ತೊಂದರೆ ಇರುವುದು ಹಜಾರಕ್ಕೆ ಬಂದು ಕೂರುವವರಿಗೆ. ನೆಂಟರು, ಬೀಗರು, ದಲ್ಲಾಳಿಗಳು, ಮುಖ್ಯವಾಗಿ ಅಳಿಯಂದಿರು.

ನನ್ನ ಹೆಸರು ಸಂಪಂಗಿ. ಬಸ್ ಸ್ಟ್ಯಾಂಡಿನ ಎದುರು ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಜುಲೇಖಾ ಮೇಡಂ ನಡೆಸುವ ಜಾವಾ ರಿಪೇರಿ ಅಂಗಡಿಯಲ್ಲಿ ನನಗೆ ಕೆಲಸ. ಊರಿನ ಟಾಕೀಸು, ಹಾಲಿನ ಡೇರಿ, ನೀರಿನ ಟ್ಯಾಂಕು ಎಲ್ಲದರ ಕಂಪ್ಯೂಟರ್ ಪ್ರೋಗ್ರಾಮು ಜಾವಾ ಭಾಷೆಯಲ್ಲಿದೆ, ಕೆಟ್ಟರೆ ನಮ್ಮ ಹತ್ತಿರ ತರುತ್ತಾರೆ. ಹತ್ತರಲ್ಲಿ ಎಂಟು ಕೇಸು ಒಂದೇ ಕಾಯಿಲೆ. ಟಾಕೀಸಿನದನ್ನೇ ತೆಗೆದುಕೊಳ್ಳಿ. ಉಳಿದಿರುವ ಸೀಟುಗಳ ಸಂಖ್ಯೆಯನ್ನು ಒಂದು ಮೆಥಡ್ಡಿನಲ್ಲಿ, ಅಂದರೆ ಒಂದು ಕೆಲಸಕ್ಕೆಂದು ಬರೆದ ತುಣುಕಿನಲ್ಲಿ, ಬದಲಾಗಬಲ್ಲ ವೇರಿಯಬಲ್ ಆಗಿ ಇಟ್ಟಿರುತ್ತಾರೆ. ಆ ಮೆಥಡ್ಡಿನ ಒಳಗೇ ಟಿಕೇಟು ಕೊಡುವ ಬಟನ್ನಿಗಾಗಿ ಒಂದು ಒಳಕ್ಲಾಸು ಬರೆದಿರುತ್ತಾರೆ. ಒಳಕ್ಲಾಸು ಹೊರಗಿನ ಸೀಟಿನ ಸಂಖ್ಯೆಯನ್ನು ಕೇಳುತ್ತದೆ. ಸೀಟು ಕಡಿಮೆಯಾಗುತ್ತ ಹೋಗುತ್ತದಲ್ಲ, ಬರೆದದ್ದನ್ನು ಪರೀಕ್ಷಿಸುವ ಕಂಪೈಲರ್ ಒಪ್ಪುವುದಿಲ್ಲ. ಒಳಕ್ಲಾಸಿನಿಂದ ಮುಟ್ಟುವ ಲೋಕಲ್ ವೇರಿಯಬಲ್ ಎಂದೂ ಬದಲಾಗದ ಫೈನಲ್ ಆಗಿರಬೇಕು, ಇಲ್ಲವೇ ಫೈನಲ್ ಎಂಬಂತೆ ನಡೆದುಕೊಳ್ಳಬೇಕು ಎಂದು ಕೆಂಪು ಅಕ್ಷರದಲ್ಲಿ ಬರೆದು ಕೂತುಬಿಡುತ್ತದೆ. ಬೇರೆ ಊರುಗಳಲ್ಲಿ ಇದನ್ನು ಕಂಡು ಜನ ತಲೆ ಚಚ್ಚಿಕೊಳ್ಳುತ್ತಾರಂತೆ. ನಮ್ಮ ಟಾಕೀಸಿನ ಮಾಲೀಕರು ಅದನ್ನು ಓದಿ, “ಸರಿಯಾಗೇ ಹೇಳ್ತಾ ಐತಲ್ಲ” ಎಂದರು.

ಇದಕ್ಕೆ ಜುಲೇಖಾ ಮೇಡಂ ಮೂರು ಔಷಧಿ ಕಲಿಸಿದ್ದರು. ಒಂದು, ಒಳಗೆ ಹೋಗುವ ಮುಂಚೆ ಆ ವೇರಿಯಬಲ್ಲಿನ ನಕಲು ತೆಗೆದು, ನಕಲನ್ನು ಫೈನಲ್ ಮಾಡಿ ಒಳಗೆ ಕಳಿಸುವುದು. ಎರಡು, ಒಂದೇ ಖಾನೆಯ ಡಬ್ಬಿಯೊಂದನ್ನು ಮಾಡಿ ಸಂಖ್ಯೆಯನ್ನು ಅದರೊಳಗೆ ಇಡುವುದು. ಡಬ್ಬಿ ಬದಲಾಗುವುದಿಲ್ಲ, ಡಬ್ಬಿಯಲ್ಲಿ ಇರುವುದು ಬದಲಾದರೆ ಕಂಪೈಲರ್ ಕೇಳುವುದಿಲ್ಲ. ಮೂರು, ಆ ವೇರಿಯಬಲ್ಲನ್ನು ಮೆಥಡ್ಡಿನಿಂದ ಎತ್ತಿ ಹೊರಗಿನ ಕ್ಲಾಸಿಗೇ, ಅಂದರೆ ಇಡೀ ಮನೆಗೇ, ಸೇರಿಸಿಬಿಡುವುದು. ಕ್ಲಾಸಿಗೆ ಸೇರಿದ್ದು ಎಷ್ಟು ಬದಲಾದರೂ ಒಳಗಿನವರಿಗೆ ಸಿಗುತ್ತದೆ. ಈ ಮೂರು ಔಷಧಿಗಳಿಂದಲೇ ಎರಡು ವರ್ಷ ಅನ್ನ ತಿಂದೆ. ನನ್ನ ಮೇಲೇ ಪ್ರಯೋಗಿಸುವ ದಿನ ಬರುತ್ತದೆಂದು ಎಣಿಸಿರಲಿಲ್ಲ.

ಆಷಾಢ ಕಳೆದ ಮೂರನೇ ದಿನ ನನ್ನ ಹೆಂಡತಿ ಇಂದ್ರಾಣಿ ತನ್ನ ತವರಿನಲ್ಲಿ ಹೆಣ್ಣು ಮಗು ಹೆತ್ತಳು. ಬಾಣಂತಿ ನಲವತ್ತು ದಿನ ಬಚ್ಚಲಿಗಲ್ಲದೆ ಒಳಕೋಣೆ ಬಿಟ್ಟು ಬರುವಂತಿಲ್ಲ, ಗಂಡಸರು ಅದರ ಹೊಸ್ತಿಲು ದಾಟುವಂತಿಲ್ಲ. ಆ ನಲವತ್ತು ದಿನದೊಳಗೆ ಪುರಸಭೆಯ ಗುಮಾಸ್ತರು ರಿಜಿಸ್ಟರ್ ಹಿಡಿದು ಬಂದು ಹಜಾರದಲ್ಲಿ ಕೂರುತ್ತಾರೆ. ಬಾಣಂತಿ ಒಳಗಿನಿಂದ ಮಗುವಿನ ತಂದೆಯ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಅವರು ಬರೆದುಕೊಳ್ಳಬೇಕು. ನಲವತ್ತನೇ ದಿನಕ್ಕೂ ಹೆಸರು ಬರದಿದ್ದರೆ ‘ತಂದೆ ಹೊರಗಿನವರು’ ಎಂದು ಬರೆದು ಪುಟ ಮುಚ್ಚುತ್ತಾರೆ. ಹಾಗೆ ಬರೆಸಿಕೊಂಡ ಮಗುವನ್ನು ತಂದೆ ತನ್ನ ಮನೆಗೆ ಕರೆದುಕೊಂಡು ಹೋಗುವಂತಿಲ್ಲ. ಬಂದು, ಹಜಾರದಲ್ಲಿ ಕೂತು, ಕಾಫಿ ಕುಡಿದು, ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು ಹೋಗಬೇಕು. ನಮ್ಮ ಬೀದಿಯಲ್ಲಿ ಅಂಥವರು ಒಬ್ಬರಿದ್ದರು. ಅವರ ಮಗ ದೊಡ್ಡವನಾಗಿ ಸ್ಕೂಟರ್ ಓಡಿಸುತ್ತಿದ್ದ, ಅವರು ಇನ್ನೂ ಬಿಸ್ಕತ್ತು ತರುತ್ತಿದ್ದರು.

ಹನ್ನೊಂದನೇ ದಿನ ಗುಮಾಸ್ತ ಮರಿದೇವರು ಬಂದರು. ಕನ್ನಡಕ ಒರೆಸಿಕೊಂಡು, “ಹೇಳಮ್ಮಾ” ಎಂದರು. ಒಳಗಿನಿಂದ ಏನೂ ಕೇಳಿಸಲಿಲ್ಲ. ಉಸಿರು ಬಿಗಿಹಿಡಿದ ಸದ್ದು, ಬಳೆ ಅಲ್ಲಾಡಿದ ಸದ್ದು. ಆಮೇಲೆ “ರೀ” ಎಂದಳು. ‘ರೀ’ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ, ಅದು ಯಾರ ಹೆಸರೂ ಅಲ್ಲ. “ರೀ, ಬರ್ತಿಲ್ಲ ಕಣ್ರೀ” ಎಂದು ಅತ್ತಳು.

“ರೀ ಅಂತ ಬರ್ಕೊಳಕ್ಕಾಗಲ್ಲ. ಊರಲ್ಲಿ ಎಲ್ಲಾ ಗಂಡಸ್ರೂ ಅದೇ” ಎಂದು ಮರಿದೇವರು ಎದ್ದರು.

ನಮ್ಮ ಅತ್ತೆ ದೊಡ್ಡತಾಯಮ್ಮನವರಿಗೆ ಇದರಿಂದ ಆಶ್ಚರ್ಯವಾದಂತೆ ಕಾಣಲಿಲ್ಲ. ಅವರ ದೊಡ್ಡ ಅಳಿಯ ಬೋರಲಿಂಗಯ್ಯನವರ ಹೆಸರು ಮೂರು ಮಕ್ಕಳ ಸಲವೂ ಮರಿದೇವರ ಕಾಫಿ ಆರುವ ಮುಂಚೆ ದಾಖಲಾಗಿತ್ತು. ನನ್ನ ಷಡ್ಡಕ ಹದಿನಾಲ್ಕು ವರ್ಷದ ಹಿಂದೆ ಆ ಹಜಾರಕ್ಕೆ ಬಂದಾಗ ಬಿಳಿ ಅಂಗಿ ತೊಟ್ಟು, ಕಂಬದ ಪಕ್ಕದ ಕುರ್ಚಿಯಲ್ಲಿ ಕೂತು, “ಮತ್ತೇನ್ ಸಮಾಚಾರ” ಎಂದಿದ್ದರಂತೆ. ಈಗಲೂ ಅದೇ ಬಿಳಿ, ಅದೇ ಕುರ್ಚಿ, ಅದೇ ಸಮಾಚಾರ. ಹೊಟ್ಟೆ ಕೂಡ ಬಂದಿಲ್ಲ. ಬದಲಾಗಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರೇ ತಮ್ಮ ಪಾಡಿಗೆ ಬದಲಾಗದೆ ಉಳಿದಿದ್ದರು.

ನಾನಾದರೋ ಹೆಣ್ಣು ನೋಡಲು ಬಂದಾಗ ಮೀಸೆ ಇಟ್ಟುಕೊಂಡು ಸೈಕಲ್ ಬಿಡಿಭಾಗ ಮಾರುತ್ತಿದ್ದವನು. ನಿಶ್ಚಿತಾರ್ಥದ ಹೊತ್ತಿಗೆ ಹೋಮಿಯೋಪತಿ ಕಲಿಯುತ್ತಿದ್ದೆ. ಮದುವೆಯ ವಾರ ಜಾವಾಕ್ಕೆ ಸೇರಿದೆ, ಮೀಸೆ ತೆಗೆದೆ. ಇವೆಲ್ಲವನ್ನೂ ಹೇಗೋ ಸಂಭಾಳಿಸಬಹುದಿತ್ತು. ಮಗು ಹುಟ್ಟಿದ ದಿನ ಒಳಗಿನಿಂದ ಅದು ಮೊದಲ ಸಲ ಅತ್ತದ್ದು ಕೇಳಿಸಿತಲ್ಲ, ಆಗ ಹಜಾರದಲ್ಲಿ ಕೂತಿದ್ದ ನಾನು ಮತ್ತೆ ಹಳೆಯ ಮನುಷ್ಯನಾಗಿ ಉಳಿಯಲಿಲ್ಲ. ಅದು ಅತ್ತಾಗಲೆಲ್ಲ ಬದಲಾಗುತ್ತಿದ್ದೆ. ಅದೋ ದಿನಕ್ಕೆ ಹದಿನೈದು ಸಲ ಅಳುತ್ತಿತ್ತು.

ಮೊದಲು ನಕಲು. ಹದಿನಾರನೇ ದಿನ ಮರಿದೇವರು ಮಧ್ಯಾಹ್ನ ಬರುತ್ತೇನೆಂದು ಹೇಳಿಕಳಿಸಿದ್ದರು. ಬೆಳಿಗ್ಗೆಯೇ ಒಂದು ಹಾಳೆಯ ಮೇಲೆ ಆ ಹೊತ್ತಿನ ನನ್ನನ್ನು ಬರೆದೆ: ಸಂಪಂಗಿ, ನೀಲಿ ಅಂಗಿ, ಮೀಸೆಯಿಲ್ಲ, ಸ್ವಲ್ಪ ಶೀತ. ಹಾಳೆಯನ್ನು ಅತ್ತೆಯವರ ಕೈಯಲ್ಲಿ ಒಳಗೆ ಕಳಿಸಿದೆ. ಇಂದ್ರಾಣಿ ಓದಿದಳು, ನನ್ನ ಹೆಸರು ಸರಾಗವಾಗಿ ಬಂತು. ಕೇಳಿ ಎದೆ ತುಂಬಿ ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಆಮೇಲೆ ಅತ್ತೆಯವರು ಮಗುವನ್ನು ಬಿಸಿಲು ಕಾಯಿಸಲು ಹಜಾರಕ್ಕೆ ತಂದು ಹತ್ತು ನಿಮಿಷ ನನ್ನ ತೊಡೆಯ ಮೇಲೆ ಹಾಕಿದರು. ಮಗು ಅಂಗಿಯ ಮೇಲೆ ಉಚ್ಚೆ ಹೊಯ್ದಿತು. ನಾನು ಅಂಗಿ ಬದಲಿಸಿದೆ, ಶೀತವೂ ಯಾಕೋ ಬಿಟ್ಟುಹೋಗಿತ್ತು.

ಮರಿದೇವರು ಒಳಗಿನಿಂದ ಬಂದ ಮಾತನ್ನು ಪೂರ್ತಿ ಕೇಳಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಒಳಗಿನೋರು ಹೇಳೋದು ನೀಲಿ ಅಂಗಿಯೋರು. ಇಲ್ಲಿರೋರು ಬಿಳಿ ಅಂಗಿಯೋರು.”

“ನಾನೇ ಸ್ವಾಮಿ. ಮಗು ಉಚ್ಚೆ ಹೊಯ್ತು.”

“ಅದು ಆಮೇಲಿಂದು. ಅವ್ರು ಹೇಳಿದ್ದು ಬೆಳಿಗ್ಗೆಯೋರ್ನ. ಬೆಳಿಗ್ಗೆಯೋರ್ನ ಕರೀರಿ, ಬರ್ಕೊಳ್ತೀನಿ.”

ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ. ನಕಲಿನ ದೋಷವೇ ಅದು. ಟಾಕೀಸಿನವರಿಗೂ ನಾವು ಮೊದಲು ಇದೇ ಔಷಧಿ ಕೊಟ್ಟಿದ್ದೆವು. ಮ್ಯಾಟಿನಿಯ ಸೀಟುಗಳನ್ನೇ ಇಡೀ ದಿನ ಮಾರಿ, ಒಂದೊಂದು ಕುರ್ಚಿಯಲ್ಲಿ ಮೂರು ಮೂರು ಜನ ಕೂತಿದ್ದರು.

ಆ ಮೇಲೆ ಐದು ದಿನ ಬೋರಲಿಂಗಯ್ಯನವರ ಹಾಗೆ ಇದ್ದುಬಿಡಲು ಪ್ರಯತ್ನಪಟ್ಟೆ. ಅವರ ಎದುರಿನ ಕುರ್ಚಿಯಲ್ಲೇ ಕೂತೆ. ಅವರು “ಮತ್ತೇನ್ ಸಮಾಚಾರ” ಎಂದರು, ನಾನೂ “ಮತ್ತೇನ್ ಸಮಾಚಾರ” ಎಂದೆ. ಮಗು ಅತ್ತಾಗ ಕಂಬ ನೋಡುತ್ತ ಕೂತೆ. ಇಂದ್ರಾಣಿ ಒಳಗಿನಿಂದ, “ರೀ, ಇವ್ಳು ನಕ್ಕಳು ಕಣ್ರೀ, ನಿದ್ದೇಲಿ” ಎಂದಾಗ ಉತ್ತರ ಕೊಡಲಿಲ್ಲ. ಎರಡನೇ ಸಲ ಅವಳು ಕರೆಯಲಿಲ್ಲ. ಐದನೇ ದಿನ ಸಂಜೆ ಬೋರಲಿಂಗಯ್ಯನವರೇ ಕುರ್ಚಿ ಹತ್ತಿರ ಎಳೆದುಕೊಂಡು, “ಬ್ಯಾಡಿ ಸಂಪಂಗಿ. ಇದು ನಿಮ್ಕೈಲಿ ಆಗಲ್ಲ. ನಂಗೆ ಮೊದ್ಲಿಂದ ಹಿಂಗೇ” ಎಂದರು. ಅವರು ಆ ಹಜಾರದಲ್ಲಿ ಆಡಿದ ಎರಡನೇ ಮಾತು ಅದೇ ಇರಬೇಕು. ಹೇಳಿದ ಮೇಲೆ ಗಾಬರಿಯಾಗಿ ಕುರ್ಚಿಯನ್ನು ಹಿಂದಕ್ಕೆ ಹಾಕಿಕೊಂಡರು.

ಆಮೇಲೆ ಡಬ್ಬಿ. ಅಂಗಡಿಯಿಂದ ಒಂದು ಖಾಲಿ ಅವಲಕ್ಕಿ ಡಬ್ಬ ತಂದು ಒಳಕೋಣೆಯ ಹೊಸ್ತಿಲಿನ ಮೇಲಿಟ್ಟೆ. ದಿನವೂ ಬೆಳಿಗ್ಗೆ ಹಳೆಯ ಚೀಟಿ ತೆಗೆದು ಅವತ್ತಿನ ನನ್ನನ್ನು ಬರೆದು ಅದರೊಳಗೆ ಹಾಕುತ್ತಿದ್ದೆ. ಇಂದ್ರಾಣಿ ಕೈ ಹಾಕಿ ಓದುತ್ತಿದ್ದಳು. ಸಂಪಂಗಿ, ರಾತ್ರಿ ನಿದ್ದೆ ಬರಲಿಲ್ಲ. ಸಂಪಂಗಿ, ಡೇರಿಯ ಪ್ರೋಗ್ರಾಮು ಸರಿಹೋಯಿತು. ಸಂಪಂಗಿ, ಮಗುವಿನ ಕಿವಿ ನಿನ್ನದೇ ಅಂದುಕೊಂಡಿದ್ದೇನೆ, ಸರಿಯಾಗಿ ನೋಡಿ ಹೇಳು. ಮದುವೆಯಾದ ಎರಡು ವರ್ಷದಲ್ಲಿ ನಾನು ಅಷ್ಟು ಮಾತನ್ನು ಅವಳಿಗೆ ಹೇಳಿರಲಿಲ್ಲ. ಡಬ್ಬದ ವಿಷಯದಲ್ಲಿ ಅವಳ ನಾಲಿಗೆಗೆ ಯಾವ ಅಡ್ಡಿಯೂ ಇರಲಿಲ್ಲ. “ಅಮ್ಮಾ, ಡಬ್ಬದೋರು ಇವತ್ತು ಊಟ ಸರಿಯಾಗಿ ಮಾಡಿಲ್ವಂತೆ” ಎಂದು ಅವಳು ಹೇಳುವುದು ನನಗೆ ಕೇಳಿಸುತ್ತಿತ್ತು. ಇದೇ ಸಾಕೆನ್ನಿಸಿಬಿಟ್ಟಿತ್ತು.

ಇಪ್ಪತ್ತೆಂಟನೇ ದಿನ ಮರಿದೇವರು ಬಂದು ಕೂತರು. ಇಂದ್ರಾಣಿ ಧೈರ್ಯವಾಗಿ, “ಅವಲಕ್ಕಿ ಡಬ್ಬದೋರು” ಎಂದಳು.

ಮರಿದೇವರು ಕನ್ನಡಕ ಏರಿಸಿಕೊಂಡರು. ಡಬ್ಬ ತರಿಸಿ ತಿರುಗಿಸಿ ತಿರುಗಿಸಿ ನೋಡಿದರು. “ಡಬ್ಬ ಬದಲಾಗಿಲ್ಲ, ಒಪ್ಕೊಂಡೆ. ಆದ್ರೆ ಒಳಗಿಂದ ಬಂದ ಹೆಸ್ರು ಡಬ್ಬದ್ದು. ನಾನು ಕೇಳಿದ್ದನ್ನ ಬರೆಯೋನು.” ಪೆನ್ಸಿಲ್ ತೆಗೆದು, ತಂದೆಯ ಹೆಸರಿನ ಕೆಳಗೆ ‘ಅವಲಕ್ಕಿ ಡಬ್ಬ’ ಎಂದು ಬರೆದರು. “ಪೆನ್ಸಿಲ್‌ನಾಗೆ ಬರ್ದಿದ್ದೀನಿ. ನಲವತ್ತನೇ ದಿನ ಹತ್ತು ಗಂಟೆಗೆ ಬರ್ತೀನಿ. ಬೇರೆ ಹೆಸ್ರು ಬಂದ್ರೆ ಅಳಿಸ್ತೀನಿ. ಇಲ್ಲಾಂದ್ರೆ ಇಂಕಲ್ಲಿ ತಿದ್ದಿ ಮುಚ್ತೀನಿ” ಎಂದು ಹೊರಟರು.

ಮಾರನೆಯ ದಿನ ಅಂಗಡಿಯಲ್ಲಿ ಜುಲೇಖಾ ಮೇಡಂ ಮುಂದೆ ಎಲ್ಲ ಹೇಳಿಕೊಂಡೆ. ಅವರು ನಗಲಿಲ್ಲ.

“ಎರಡೂ ಆಯ್ತಲ್ಲ. ಮೂರನೇದು ನೋಡ್ಬೇಕು.”

“ಮನೆಯವನಾಗಬೇಕು. ಆಗ್ತೀನಿ ಮೇಡಂ. ಇವತ್ತಿಂದಲೇ.”

“ನೀವು ಆಗೋದಲ್ಲ ಸಂಪಂಗಿ. ವೇರಿಯಬಲ್ಲು ತಾನಾಗೇ ಎದ್ದು ಹೋಗಿ ಕ್ಲಾಸಿಗೆ ಸೇರ್ಕೊಂಡಿದ್ದು ಎಲ್ಲಾದ್ರೂ ನೋಡಿದೀರಾ? ಕ್ಲಾಸು ಯಾರದ್ದೋ ಅವರು ಸೇರಿಸ್ಕೋಬೇಕು. ನಿಮ್ಮತ್ತೇನ ಕೇಳಿ.”

ನಮ್ಮತ್ತೆಯವರ ಉಪಚಾರದ ಬಗ್ಗೆ ಇಲ್ಲಿ ಹೇಳಬೇಕು. ನಾನು ಹೋದರೆ ಕುರ್ಚಿ ಒರೆಸಿ ಹಾಕುತ್ತಿದ್ದರು. ಮನೆಗೆ ರಾಗಿ ಮುದ್ದೆ, ನನಗೆ ಸಣ್ಣಕ್ಕಿ ಅನ್ನ. ಬೆಳಿಗ್ಗೆ ಮನೆಯ ಪಾಲನ್ನು ಅಳೆದು ತೆಗೆದ ಮೇಲೆ ನನ್ನ ಅಕ್ಕಿಯನ್ನು ಬೇರೆಯಾಗಿ, ಒಂದು ಹಿಡಿ ಜಾಸ್ತಿ ಹಾಕಿ ಅಳೆಯುತ್ತಿದ್ದರು. ನನಗೂ ಮುದ್ದೆ ಕೊಡಿ ಎಂದರೆ, “ಅಯ್ಯೋ, ಅಳಿಯಂದ್ರಿಗೆ ಮುದ್ದೆ ಇಕ್ಕಿದ್ರೆ ಜನ ಏನಂದಾರು” ಎನ್ನುತ್ತಿದ್ದರು. ತಟ್ಟೆ ತೊಳೆಯಲು ಹೋದರೆ ಕಸಿದುಕೊಂಡರು. ಸೌದೆ ಒಡೆಯಲು ಕೊಡಲಿ ಹಿಡಿದರೆ ಪಕ್ಕದ ಮನೆಯವರನ್ನು ಕರೆಸಿ ಒಡೆಸಿದರು. ಒಂದು ವಾರ ನಾನು ಆ ಮನೆಯ ಕೆಲಸಗಳ ಹಿಂದೆ ಓಡಿದೆ, ಅವರು ನನ್ನ ಹಿಂದೆ ಕುರ್ಚಿ ಹಿಡಿದು ಓಡಿದರು.

ಮೂವತ್ತೇಳನೇ ದಿನ ಸಂಜೆ ಮರ್ಯಾದೆ ಬಿಟ್ಟು ಕೇಳಿಯೇಬಿಟ್ಟೆ. “ಅತ್ತೆ, ನನ್ನನ್ನ ಮನೆಯವನು ಅಂತ ಮಾಡ್ಕೊಳ್ಳಿ. ಇಲ್ಲದಿದ್ರೆ ಮಗು ನನ್ನದಾಗಲ್ಲ.”

ಅವರು ಹೂ ಕಟ್ಟುತ್ತಿದ್ದರು, ಕೈ ನಿಲ್ಲಿಸಲಿಲ್ಲ. “ನಮ್ ಯಜಮಾನ್ರು ಟಾರ್ಚಿಗೆ ಸೆಲ್ ತತ್ತೀನಿ ಅಂತ ಹೋದೋರು, ಅಳಿಯಂದ್ರೇ. ಇಪ್ಪತ್ತೊಂದು ವರ್ಷಾತು. ಈವತ್ತೂ ಒಳಕೋಣೆಗೆ ಹೋಗಿ ಅವ್ರ ಹೆಸ್ರು ಹೇಳಿದ್ರೆ ನೀರು ಕುಡ್ದಂಗೆ ಬತ್ತದೆ. ಮನೆಯೋರಲ್ವಾ. ಬರೋದು ಹೆಸ್ರೊಂದೇ.” ದಾರ ಕಡಿದು ಗಂಟು ಹಾಕಿದರು. “ನೆಂಟ್ರು ಬತ್ತಾರೆ, ಹೋಗ್ತಾರೆ, ನಾವೇನೂ ಕಾಯ್ಕಂಡ್ ಕೂರಂಗಿರಲ್ಲ. ಮನೆಯೋರು ಅಂತ ಮಾಡ್ಕಂಡ್ರೆ ಏನು ಬೇಕಾದ್ರೂ ಆಗ್ಬೋದು. ಕಾಫಿ ತರ್ಲಾ?”

ಎಲ್ಲಿಗೂ ಹೋಗುವುದಿಲ್ಲ ಎಂದು ಮಾತು ಕೊಡಬಹುದಿತ್ತು. ಯಜಮಾನರೂ ಹೋಗುವಾಗ ಬರುತ್ತೇನೆ ಎಂದೇ ಹೇಳಿದ್ದಿರಬೇಕು. ಕಾಫಿ ಕುಡಿದೆ.

ನಲವತ್ತನೇ ದಿನ ಬೆಳಿಗ್ಗೆ ಅತ್ತೆಯವರು ಬಾಣಂತಿಗೆ ಕೊನೆಯ ಎಣ್ಣೆನೀರು ಹಾಕುವುದರಲ್ಲಿದ್ದರು. ಗಂಟೆ ಒಂಬತ್ತೂವರೆ. ಬಾಯಿ ಒಣಗಿ ಹೋಗಿತ್ತು, ಹಿಂದಿನ ರಾತ್ರಿ ಊಟ ಸೇರಿರಲಿಲ್ಲ. ನೀರು ಕೇಳೋಣವೆಂದರೆ ಹಜಾರದಲ್ಲಿ ಬೋರಲಿಂಗಯ್ಯನವರ ಹೊರತು ಯಾರೂ ಇಲ್ಲ. ಎದ್ದು ಅಡುಗೆಮನೆಗೆ ಹೋದೆ, ಆ ಮನೆಯ ಅಡುಗೆಮನೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನೀರಿನ ಕೊಡ ಎಲ್ಲಿದೆಯೋ ತಿಳಿಯಲಿಲ್ಲ. ಗೂಡಿನಲ್ಲಿ ಸಣ್ಣ ಮಣ್ಣಿನ ಕುಡಿಕೆಯೊಂದರಲ್ಲಿ ನಾಲ್ಕು ಚಮಚದಷ್ಟು ಮೊಸರು ಕಂಡಿತು. ಉಳಿದದ್ದಿರಬೇಕೆಂದು ತಿಂದೆ. ತಂಪಾಗಿ, ಸಿಹಿಯಾಗಿ, ಬಹಳ ಚೆನ್ನಾಗಿತ್ತು. ಬೆರಳಿನಿಂದ ಬಳಿದು ತಿಂದೆ. ತಿಂದು ಸುಮ್ಮನಿರಬೇಕಿತ್ತು. ರಿಪೇರಿ ಕೆಲಸದವನಿಗೆ ಏನನ್ನೂ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ. ಬಚ್ಚಲಿನ ಹತ್ತಿರ ಬಿಸಿನೀರು ಸಿಕ್ಕಿತು, ಬೂದಿ ಹಾಕಿ ಕುಡಿಕೆಯನ್ನು ಚೆನ್ನಾಗಿ ಉಜ್ಜಿ ತೊಳೆದು ಬೋರಲು ಹಾಕಿದೆ.

ಮರಿದೇವರು ಬಂದು ಹಜಾರದಲ್ಲಿ ಕೂತು ಇಂಕಿನ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಬೋರಲಿಂಗಯ್ಯನವರು ಅವರನ್ನು ಸಮಾಚಾರ ಕೇಳಿದ್ದರು. ಇಂದ್ರಾಣಿ ನೀರು ಹಾಕಿಸಿಕೊಂಡು ಒಳಕೋಣೆಗೆ ಹೋಗಿ ಬಾಗಿಲ ಹಿಂದೆ ನಿಂತದ್ದು ಅವಳ ಬಳೆಯಿಂದ ತಿಳಿಯಿತು. ಆಗ ಅಡುಗೆಮನೆಯಿಂದ ಒಂದು ಕೂಗು ಬಂತು.

“ಅಯ್ಯಯ್ಯೋ! ಹೆಪ್ಪು ಯಾರು ತಿಂದೋರು?”

ಅತ್ತೆಯವರು ಬೋರಲಾದ ಕುಡಿಕೆಯನ್ನು ಎತ್ತಿ ಹಿಡಿದುಕೊಂಡು ಹಜಾರಕ್ಕೆ ಬಂದರು. ಬೋರಲಿಂಗಯ್ಯನವರು ಹದಿನಾಲ್ಕು ವರ್ಷದಿಂದ ಕುರ್ಚಿ ಬಿಟ್ಟು ಎದ್ದವರಲ್ಲ. ಮರಿದೇವರು ಈಗ ತಾನೇ ಬಂದವರು. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಮೇಲ್ದುಟಿಯ ಮೇಲೆ ಮೊಸರು ಇತ್ತಂತೆ, ಆಮೇಲೆ ತಿಳಿಯಿತು.

“ನಾನೇ ಅತ್ತೆ. ತೊಳ್ದಿಟ್ಟಿದ್ದೀನಿ” ಎಂದೆ.

“ತೊಳ್ದ್ ಬೇರೆ ಇಟ್ಟವ್ನೆ! ಬೂದಿ ಹಾಕಿ! ಲೇ, ತೊಳೀದೆ ಇದ್ದಿದ್ರೆ ಕುಡಿಕೆ ಗೋಡೇಲಾದ್ರೂ ಒಸಿ ಇರ್ತಿತ್ತಲ್ಲೋ! ನಮ್ಮವ್ವ ಮದ್ವೇಲಿ ಮಡಲಿಗೆ ಕಟ್ಟಿದ ಹೆಪ್ಪು ಕಣೋ ಅದು! ನಲವತ್ತಾರು ವರ್ಷ ಒಂದಿನ ತಪ್ಪಿಲ್ದಂಗೆ ಹಾಕ್ಕಂಡು ಬಂದಿವ್ನಿ. ಹೊಟ್ಟೆಗೇನು ಬೆಂಕಿ ಬಿದ್ದಿತ್ತಾ ನಿಂಗೆ? ಕೇಳಿದ್ರೆ ಇಕ್ತಿರ್ಲಿಲ್ವಾ?” ಅವರಿಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಕುಡಿಕೆಯನ್ನು ಮೂಸಿ ನೋಡಿ, ಬೂದಿಯ ವಾಸನೆ ಬಂದದ್ದಕ್ಕೆ ಮತ್ತಷ್ಟು ಬೈದರು. ನನ್ನನ್ನು ಹೆತ್ತವರಿಂದ ಹಿಡಿದು ಜಾವಾದವರೆಗೆ ಯಾರನ್ನೂ ಬಿಡಲಿಲ್ಲ. ಕತ್ತೆ ಎಂದರು, ದರಿದ್ರ ಎಂದರು. ಮರಿದೇವರು ಪೆನ್ನನ್ನು ಗಾಳಿಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅಂಥ ದೊಡ್ಡ ತಪ್ಪು ಮಾಡಿದೆನಲ್ಲ ಎಂದು ನಿಜವಾಗಿಯೂ ಸಂಕಟವಾಗುತ್ತಿತ್ತು. ಹೆಸರಿನ ವಿಷಯ ನನಗೂ ಮರೆತುಹೋಗಿತ್ತು.

ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಒಳಗೆ ಹೋಗಿ ಒಂದು ಹಿತ್ತಾಳೆ ಬಟ್ಟಲು ತಂದು ನನ್ನ ಕೈಗೆ ತುರುಕಿದರು. “ನಿಂತ್ಕಂಡು ಏನ್ ನೋಡ್ತೀಯಾ? ತಿರುವಿನಾಗೆ ನಿಂಗಾಜಮ್ಮನ ಮನೆ. ಅವ್ಳು ಮದ್ವೆಯಾಗಿ ಬಂದಾಗ ನಾನೇ ಕೊಟ್ಟಿದ್ದ ಹೆಪ್ಪು ಐತೆ. ಇಸ್ಕಂಡು ಬಾ. ಕಂಡಕಂಡೋರಿಗೆಲ್ಲ ಹೆಪ್ಪು ಕೊಡಾಕಿಲ್ಲ ಅವ್ಳು. ಯಾರು ಅಂತ ಕೇಳಿದ್ರೆ ದೊಡ್ಡತಾಯಮ್ಮನ ಮನೆಯೋನು ಅನ್ನು. ಓಡು!”

ಓಡಿದೆ. ಚಪ್ಪಲಿ ಹಾಕಿಕೊಳ್ಳಲಿಲ್ಲ. ಬೀದಿಯ ಅರ್ಧ ದಾಟಿದ್ದೆನೋ ಇಲ್ಲವೋ, ಒಳಕೋಣೆಯಿಂದ ಹೊರಟ ದನಿ ಹಜಾರ ದಾಟಿ, ಜಗುಲಿ ದಾಟಿ ನನ್ನವರೆಗೆ ಬಂತು.

“ಸಂಪಂಗೀ! ಹುಳಿ ಆಗಿದ್ರೆ ತರ್ಬೇಡಿ! ನೋಡಿ ಇಸ್ಕೊಳ್ಳಿ!”

ತಾನು ಏನೆಂದೆ ಎಂದು ಅವಳಿಗೆ ಆಗ ತಿಳಿದಿರಬೇಕು. ಮತ್ತೆ “ಸಂಪಂಗಿ” ಎಂದಳಂತೆ, ಮೆಲ್ಲಗೆ, ಪರೀಕ್ಷೆ ಮಾಡುವವಳ ಹಾಗೆ. ಆಮೇಲೆ ಅಳುತ್ತ, ನಗುತ್ತ, ಮೂರು ನಾಲ್ಕು ಸಲ ಗಟ್ಟಿಯಾಗಿ ಕೂಗಿದಳು. ಮಗು ಎಚ್ಚರಾಗಿ ಅದೂ ಶುರು ಮಾಡಿತು. ಮರಿದೇವರು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಳಿಸ್ದೆ ಸ್ವಾಮೀ! ಇಂಕಲ್ಲಿ ಬರ್ಕೊಂಡೆ! ಬನ್ನಿ, ರುಜು ಹಾಕಿ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

ನನಗೆ ಕಣ್ಣು ಮಂಜಾಗಿ ದಾರಿ ಕಾಣಿಸುತ್ತಿರಲಿಲ್ಲ. ಹಿಂದಕ್ಕೆ ಓಡಿಹೋಗಿ, ಹೊಸ್ತಿಲ ಈಚೆಯಿಂದಲಾದರೂ ಅವಳ ಮುಖ ನೋಡಬೇಕೆನ್ನಿಸಿ ತಿರುಗಿದೆ. ಜಗುಲಿಯ ಮೇಲೆ ದೊಡ್ಡತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನ ಕೈಯಲ್ಲಿದ್ದ ಬಟ್ಟಲು ಇನ್ನೂ ಖಾಲಿಯಿತ್ತು. ನಾನು ನಿಂಗಾಜಮ್ಮನ ಮನೆಯ ಕಡೆಗೇ ಓಡಿದೆ.